ತೀರದ ಚಿಂತೆಯೂ ಬಿಡದ ಚಟವೂ

ಬೇಲೂರಿನ ಚೆನ್ನಕೇಶವ ದೇವಾಲಯವನ್ನು ನೋಡಿದವರು, ಬಾಗಿಲಿನ ಪಕ್ಕದಲ್ಲಿ ಹುಲಿಯೊಡನೆ ಹೋರಾಡುತ್ತಿರುವ ಸಳನ ಶಿಲ್ಪವನ್ನೂ ನೋಡಿರುತ್ತಾರೆ. ಅದರ ಕಥೆಯು ನಮ್ಮ ಮಕ್ಕಳಿಗೆಲ್ಲ ಪರಿಚಿತವಾದುದು. ಗುರುವು “ಹೊಯ್ ಸಳ” ಎಂದನು; ತರುಣನು ಹೊಡೆದನು; ಹುಲಿ ಸತ್ತಿತು. ಕಥೆಯು ಎಷ್ಟರಮಟ್ಟಿಗೆ ನಿಜವೆಂಬುದನ್ನು ಇತಿಹಾಸಕಾರರು ವಿಚಾರಿಸಲಿ. ಶರೀರಶಾಸ್ತ್ರದ ವಿದ್ಯಾರ್ಥಿಗೆ ಅದರಲ್ಲಿ ಬೇರೊಂದು ಪಾಠವುಂಟು.

ಅಪಾಯವು ಎದುರಾದಾಗ ನಮ್ಮ ಶರೀರವು ಕ್ಷಣಮಾತ್ರದಲ್ಲಿ ಯುದ್ಧಕ್ಕೆ ಸಿದ್ಧವಾಗುತ್ತದೆ. ಮಿದುಳಿನ ತಳದಲ್ಲಿರುವ ಹೈಪೊಥಲಾಮಸ್ ಭಾಗವು ಪಿಟ್ಯುಟರಿ ಗ್ರಂಥಿಗೆ ಸೂಚನೆ ಕೊಡುತ್ತದೆ. ಪಿಟ್ಯುಟರಿಯು, ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳನ್ನು ಎಚ್ಚರಿಸುತ್ತದೆ. ಅವುಗಳಿಂದ ಹೊರಡುವ ಕಾರ್ಟಿಸಾಲ್ ಎಂಬ ಸ್ರಾವವು ರಕ್ತದಲ್ಲಿ ಸಕ್ಕರೆಯ ಅಂಶವನ್ನು ಹೆಚ್ಚಿಸಿ ಸ್ನಾಯುಗಳಿಗೆ ಬಲವನ್ನು ಒದಗಿಸುತ್ತದೆ. ಅಪಾಯವು ಕಳೆದ ಮೇಲೆ ಅದೇ ಕಾರ್ಟಿಸಾಲ್ ಮಿದುಳಿಗೆ ಮರಳಿ ಹೋಗಿ, “ಇನ್ನು ಸಾಕು” ಎಂಬ ಸುದ್ದಿಯನ್ನು ಮುಟ್ಟಿಸುತ್ತದೆ. ಏರಿದುದು ಇಳಿಯುತ್ತದೆ. ಹುಲಿಯು ಒಮ್ಮೆ ಬಂದು ಹೋಗುವುದಾದರೆ ಇದಕ್ಕಿಂತ ಉತ್ತಮವಾದ ವ್ಯವಸ್ಥೆ ಇನ್ನೊಂದಿಲ್ಲ. ಆದರೆ ಹುಲಿಯು ಹೋಗದೆ ಮನೆಯಂಗಳದಲ್ಲಿಯೇ ಉಳಿದುಕೊಂಡರೆ?

ಅಂತಹ ಹುಲಿಗಳನ್ನು ಕಾಣಲು ನಾವು ಬಹಳ ದೂರ ಹೋಗಬೇಕಾಗಿಲ್ಲ. ಅರಸೀಕೆರೆಯಿಂದ ಹಳೇಬೀಡಿನ ಮೇಲೆ ಬೇಲೂರಿಗೆ ಪ್ರಯಾಣ ಮಾಡಿದರೆ ಸಾಕು. ಅರಸೀಕೆರೆಯ ಕಡೆ ತೆಂಗೇ ಜೀವನಾಧಾರ. ಸಸಿಯನ್ನು ನೆಟ್ಟು ಐದಾರು ವರ್ಷ ಕಾದವನ ತೋಟವು, ಮಳೆ ಕೈಕೊಟ್ಟು ಕೊಳವೆಬಾವಿ ಬತ್ತಿದರೆ ಕಣ್ಣೆದುರಿಗೇ ಒಣಗುತ್ತದೆ. ಫಸಲು ಬಂದರೂ ಬೆಲೆಯ ಭರವಸೆಯಿಲ್ಲ. 2023ರಲ್ಲಿ ಉಂಡೆ ಕೊಬ್ಬರಿಗೆ ಕ್ವಿಂಟಾಲಿಗೆ 11,750 ರೂಪಾಯಿಗಳ ಬೆಂಬಲ ಬೆಲೆಯು ಗೊತ್ತಾಗಿದ್ದರೂ ಮಾರುಕಟ್ಟೆಯಲ್ಲಿ ದರವು 8,000 ರೂಪಾಯಿಗಳ ಆಸುಪಾಸಿಗೆ ಕುಸಿದಿತ್ತು. ಹಳೇಬೀಡಿನ ಸುತ್ತಿನ ಬಯಲು ಹೊಲಗಳು ಮಳೆಯನ್ನೇ ನಂಬಿವೆ. ಬೇಲೂರು ತಾಲ್ಲೂಕಿನ ಮಲೆನಾಡಿನ ಅಂಚಿನಲ್ಲಿ ಕಾಫಿ ತೋಟಗಳಿಗೆ ಕಾಡಾನೆಗಳು ನುಗ್ಗುತ್ತವೆ. ಮುಂಜಾನೆ ಕೆಲಸಕ್ಕೆ ಹೊರಟ ಕೂಲಿಯವರು ಪ್ರತಿ ತಿರುವಿನಲ್ಲಿಯೂ ನಿಂತು ನೋಡಿ ಮುಂದುವರಿಯಬೇಕಾಗಿದೆ. ಆನೆಯು ಇಂದು ಬಾರದಿರಬಹುದು. ಆದರೆ ಬರುವುದೋ ಬಾರದೋ ಎಂಬುದು ತಿಳಿಯದಿರುವುದೇ ದೊಡ್ಡ ಹಿಂಸೆ. ಬೆಲೆಯ ಮಾತೂ ಮಳೆಯ ಮಾತೂ ಹೀಗೆಯೇ.

ಇಂತಹ ತೀರದ ಚಿಂತೆಯು ಮಿದುಳಿನಲ್ಲಿ ಏನನ್ನು ಮಾಡುತ್ತದೆಂಬುದನ್ನು ತೋರಿಸಿದ ಪ್ರಯೋಗಗಳಲ್ಲಿ ಮುಖ್ಯವಾದುದೊಂದು ಬೆಂಗಳೂರಿನಲ್ಲಿಯೇ ನಡೆಯಿತು. ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಸುಮಂತ್ರ ಚಟ್ಟರ್ಜಿಯವರೂ ಅವರ ಸಂಗಡಿಗರೂ ಇಲಿಗಳನ್ನು ದಿನಕ್ಕೆ 2 ಗಂಟೆಗಳಂತೆ 10 ದಿನ ಅಲುಗಾಡದಂತೆ ಬಂಧಿಸಿಟ್ಟು ಅವುಗಳ ಮಿದುಳನ್ನು ಪರೀಕ್ಷಿಸಿದರು. 2002ರಲ್ಲಿ ಪ್ರಕಟವಾದ ಫಲಿತಾಂಶವು ವಿಸ್ಮಯಕರವಾಗಿತ್ತು. ನೆನಪಿಗೆ ಆಧಾರವಾದ ಹಿಪೊಕ್ಯಾಂಪಸ್ ಭಾಗದಲ್ಲಿ ನರಕೋಶಗಳ ಕವಲುಗಳು ಕುಗ್ಗಿದ್ದವು. ಭಯಕ್ಕೆ ಆಧಾರವಾದ ಅಮಿಗ್ಡಲದಲ್ಲಿ ಕವಲುಗಳು ಹೊಸದಾಗಿ ಬೆಳೆದಿದ್ದವು! ಬಂಧನವನ್ನು ನಿಲ್ಲಿಸಿ 21 ದಿನಗಳ ವಿಶ್ರಾಂತಿ ಕೊಟ್ಟ ಮೇಲೆ ಹಿಪೊಕ್ಯಾಂಪಸ್ಸಿನ ಕೋಶಗಳು ಚೇತರಿಸಿಕೊಂಡವು. ಅಮಿಗ್ಡಲದ ಬೆಳವಣಿಗೆಯಾದರೋ ಹಾಗೆಯೇ ಉಳಿಯಿತೆಂದು 2004ರಲ್ಲಿ ಅದೇ ತಂಡವು ವರದಿ ಮಾಡಿತು. ಕಷ್ಟವು ಕಳೆದರೂ ಭಯವು ಬೇರೂರಿ ನಿಲ್ಲುತ್ತದೆಂಬುದಕ್ಕೆ ಇದೊಂದು ಸಾಕ್ಷಿ. ಇದಲ್ಲದೆ, ದೀರ್ಘಕಾಲ ಒತ್ತಡಕ್ಕೊಳಗಾದ ಇಲಿಗಳು ಫಲವನ್ನು ತೂಗಿನೋಡಿ ನಡೆಯುವುದನ್ನು ಬಿಟ್ಟು ಕೇವಲ ಅಭ್ಯಾಸಬಲದಿಂದ ನಡೆಯತೊಡಗುತ್ತವೆಂಬುದನ್ನು ಪೋರ್ಚುಗಲ್ಲಿನ ವಿಜ್ಞಾನಿಗಳು 2009ರಲ್ಲಿ ತೋರಿಸಿದರು.

ಭಯವು ಹೆಚ್ಚಿ ವಿವೇಚನೆಯು ತಗ್ಗಿದ ಇಂತಹ ಮಿದುಳಿಗೆ ಮದ್ಯವು ದೊರೆತರೆ ಏನಾಗುವುದೆಂಬುದನ್ನು ಊಹಿಸುವುದು ಕಷ್ಟವಲ್ಲ. ಮದ್ಯವು ನರಕೋಶಗಳ ಉದ್ರೇಕವನ್ನು ಒಂದೆರಡು ಗಂಟೆಗಳ ಕಾಲ ತಗ್ಗಿಸುತ್ತದೆ. ಸಂತೋಷದೊಡನೆ ಸಂಬಂಧವುಳ್ಳ ಡೋಪಮಿನ್ ಎಂಬ ದ್ರವ್ಯವನ್ನು ಹೆಚ್ಚಿಸುತ್ತದೆ. ಚಿಂತೆಯು ಕರಗಿದಂತೆ ತೋರುತ್ತದೆ. ಆದರೆ ಬಹುದಿನ ಕುಡಿದವನಲ್ಲಿ ಅಮಲು ಇಳಿದೊಡನೆಯೇ ಒತ್ತಡದ ದ್ರವ್ಯಗಳು ಮೊದಲಿಗಿಂತಲೂ ಹೆಚ್ಚಾಗಿ ಏರುತ್ತವೆ. ಆಗ ಅವನು ಕುಡಿಯುವುದು ಸುಖಕ್ಕಾಗಿ ಅಲ್ಲ, ಸಂಕಟದಿಂದ ಬಿಡುಗಡೆಗಾಗಿ. ಔಷಧವೆಂದು ಕುಡಿದುದೇ ರೋಗವನ್ನು ಬೆಳೆಸುತ್ತದೆ. ಚಟವೆಂದರೆ ಇದೇ.

ಇಂತಹವನನ್ನು ನಾವು ಏನು ಮಾಡುತ್ತೇವೆ? ಬೈಯುತ್ತೇವೆ, ನಾಲ್ಕು ಜನರೆದುರು ಅವಮಾನಪಡಿಸುತ್ತೇವೆ, ದೇವರ ಮುಂದೆ ಆಣೆ ಮಾಡಿಸುತ್ತೇವೆ. ಅವಮಾನವೂ ಒಂದು ಒತ್ತಡವೇ ಎಂಬುದನ್ನು ಮರೆಯುತ್ತೇವೆ. ಇಲ್ಲವೇ, ಅಂಗಡಿಯನ್ನು ಮುಚ್ಚಿಸಿದರೆ ಎಲ್ಲವೂ ಸರಿಹೋಗುವುದೆಂದು ನಂಬುತ್ತೇವೆ. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ಮಾರಾಟವು ನಿಷಿದ್ಧವಾಯಿತು. ಅದರಿಂದ ಅನೇಕ ಮನೆಗಳಿಗೆ ಒಳಿತಾಗಿರಬಹುದು. ಆದರೆ ಕುಡಿತವು ನಿಲ್ಲಲಿಲ್ಲ, ಬಾಟಲಿಯು ಬದಲಾಯಿತು. ಹೆಂಡವನ್ನು ತಡೆಯುವುದು ತಪ್ಪೆಂದು ನಾನು ಹೇಳುತ್ತಿಲ್ಲ. ದುಗುಡವನ್ನು ಹಾಗೆಯೇ ಬಿಟ್ಟು ಹೆಂಡವನ್ನು ಮಾತ್ರ ತಡೆಯುವುದು ಅರ್ಧ ಕೆಲಸವೆಂಬುದೇ ನನ್ನ ವಾದ.

ಇದಕ್ಕೆ ಒಂದು ಆಕ್ಷೇಪಣೆ ಉಂಟು. ಅದೇ ಬರಗಾಲವನ್ನು ಕಂಡ ನೆರೆಯವನು ಕುಡಿಯಲಿಲ್ಲವಲ್ಲ. ಹಾಗಾದರೆ ಕುಡಿದವನದೇ ತಪ್ಪಲ್ಲವೇ? ನ್ಯಾಯವಾದ ಪ್ರಶ್ನೆಯೇ. ಒಂದೇ ಕೆರೆಯ ಸೊಳ್ಳೆಗಳು ಕಚ್ಚಿದರೂ ಎಲ್ಲರಿಗೂ ಮಲೇರಿಯಾ ಬರುವುದಿಲ್ಲ. ಆದರೂ ಸೊಳ್ಳೆಗಳನ್ನು ಅಳಿಸುವುದು ಅನಾವಶ್ಯಕವೆಂದು ಯಾರೂ ಹೇಳುವುದಿಲ್ಲ. ವಂಶಗುಣ, ಕುಡಿತವನ್ನು ಆರಂಭಿಸಿದ ವಯಸ್ಸು, ಸಹವಾಸ, ಇವೆಲ್ಲವೂ ಸೇರಿ ಚಟವನ್ನು ನಿರ್ಧರಿಸುತ್ತವೆ. ಯಾವ ಬಡತನವೂ ಇಲ್ಲದವರು ಕುಡಿಯುವುದೂ ಉಂಟು. ಮನುಷ್ಯನ ಹೊಣೆಯು ಇದರಿಂದ ತಪ್ಪುವುದಿಲ್ಲ. ಆದರೆ ಅದನ್ನು ಹೊರಬೇಕಾದ ಮಿದುಳೇ ದಣಿದಿರುವಾಗ, ನೆರವು ನೀಡಬೇಕಾದ ಹೊಣೆಯು ಸಮಾಜದ್ದಾಗುತ್ತದೆ.

ಸನ್ನಿವೇಶವು ಬದಲಾದರೆ ಚಟವೂ ಸಡಿಲವಾಗಬಲ್ಲುದೆಂಬುದಕ್ಕೆ ವಿಯೆಟ್ನಾಂ ಯುದ್ಧವು ನಿದರ್ಶನವಾಗಿದೆ. ಅಲ್ಲಿಂದ 1971ರಲ್ಲಿ ಹಿಂದಿರುಗಿದ ಅಮೆರಿಕದ ಸೈನಿಕರನ್ನು ಲೀ ರಾಬಿನ್ಸ್ ಎಂಬ ಸಂಶೋಧಕಿಯು ಅಧ್ಯಯನ ಮಾಡಿದಳು. ಅವರಲ್ಲಿ ಸುಮಾರು ಐದರಲ್ಲಿ ಒಬ್ಬನು ಯುದ್ಧಭೂಮಿಯಲ್ಲಿ ಮಾದಕದ್ರವ್ಯಕ್ಕೆ ದಾಸನಾಗಿದ್ದನು. ಹಾಗೆ ದಾಸರಾಗಿದ್ದವರ ಪೈಕಿ ಊರಿಗೆ ಮರಳಿದ ಮೊದಲ ವರ್ಷದಲ್ಲಿ ಪುನಃ ದಾಸರಾದವರು ನೂರಕ್ಕೆ ಸುಮಾರು 5 ಮಂದಿ ಮಾತ್ರ. ಮಾದಕದ್ರವ್ಯವು ಮೊದಲಿನಷ್ಟು ಸುಲಭವಾಗಿ ಸಿಗುತ್ತಿರಲಿಲ್ಲವೆಂಬುದೂ ದಿಟ. ಆದರೆ ಯುದ್ಧದ ಭಯವೂ ಹಿಂದೆ ಉಳಿದಿತ್ತು.

ಆದುದರಿಂದ ಕೊಬ್ಬರಿಗೆ ನಿಶ್ಚಿತವಾದ ಬೆಲೆ, ಬೆಳೆಗೆ ಸಕಾಲದ ವಿಮೆ, ಆನೆಗಳ ಚಲನೆಯ ಬಗ್ಗೆ ಮುಂಚಿತವಾದ ಎಚ್ಚರಿಕೆ, ಇವನ್ನು ಆರ್ಥಿಕ ಕ್ರಮಗಳೆಂದು ಮಾತ್ರ ಎಣಿಸಬಾರದು. ಇವು ಮಿದುಳಿನ ಆರೋಗ್ಯಕ್ಕೂ ಬೇಕಾದ ಕ್ರಮಗಳು. ಇವುಗಳ ಜೊತೆಗೆ ಚಿಕಿತ್ಸೆಯೂ ಹತ್ತಿರದಲ್ಲಿರಬೇಕು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಮದ್ಯದ ತೊಂದರೆಗೆ ಸಿಲುಕಿದ 100 ಜನರಲ್ಲಿ ಸುಮಾರು 86 ಜನರಿಗೆ ಚಿಕಿತ್ಸೆಯೇ ದೊರೆತಿಲ್ಲವೆಂದು ತಿಳಿದುಬಂದಿತು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರ ಸೇವೆಯನ್ನು ಒದಗಿಸಲು ನಮ್ಮ ರಾಜ್ಯವು 2014ರಲ್ಲಿ ‘ಮನೋಚೈತನ್ಯ’ ಕಾರ್ಯಕ್ರಮವನ್ನು ಆರಂಭಿಸಿತು. ಕೇಂದ್ರ ಸರ್ಕಾರದ ‘ಟೆಲಿ ಮಾನಸ್’ ದೂರವಾಣಿ ಸೇವೆಯು 2022ರಿಂದ 14416 ಸಂಖ್ಯೆಯಲ್ಲಿ ದೊರೆಯುತ್ತಿದೆ. ಇವುಗಳ ಸುದ್ದಿಯನ್ನು ಹಳ್ಳಿಹಳ್ಳಿಗೆ ಮುಟ್ಟಿಸುವ ಕೆಲಸವನ್ನು ವಿದ್ಯಾರ್ಥಿಗಳೇ ಮಾಡಬಹುದು.

ವಿದ್ಯಾರ್ಥಿಗಳಿಗೆ ಇನ್ನೊಂದು ಮಾತು. ವಿವೇಚನೆಗೆ ಆಧಾರವಾದ ಮಿದುಳಿನ ಮುಂಭಾಗವು ಪೂರ್ಣವಾಗಿ ಬಲಿಯುವುದು ಇಪ್ಪತ್ತೈದರ ಸುಮಾರಿಗೆ. ಪರೀಕ್ಷೆಯ ಭಯ, ಮನೆಯ ಸಾಲ, ಕೆಲಸ ಸಿಗದ ಚಿಂತೆ ನಿಮಗೂ ಉಂಟು. ಆ ಚಿಂತೆಯನ್ನು ಮರೆಯಲೆಂದು ತೆಗೆದುಕೊಳ್ಳುವ ಮೊದಲ ಗುಟುಕು ಅತ್ಯಂತ ಅಪಾಯಕರವಾದುದು. ನಿದ್ರೆ, ಆಟ, ಮನಸ್ಸು ಬಿಚ್ಚಿ ಮಾತನಾಡಬಲ್ಲ ಒಬ್ಬ ಗೆಳೆಯ, ಇವು ಅಲ್ಪವೆಂದು ತೋರಬಹುದು, ಮಿದುಳಿಗೆ ಅಲ್ಪವಲ್ಲ. ಸಳನು ಹುಲಿಯನ್ನು ಒಬ್ಬನೇ ಎದುರಿಸಿದನೆಂದು ನಾವು ಭಾವಿಸುತ್ತೇವೆ. ಕಥೆಯಲ್ಲಿ ಅವನಿಗೆ ಧೈರ್ಯ ಹೇಳಲು ಗುರುವೊಬ್ಬನು ಪಕ್ಕದಲ್ಲಿದ್ದನು. ನಮ್ಮ ಊರಿನ ಕುಡುಕನ ಪಕ್ಕದಲ್ಲಿ ಯಾರಿದ್ದಾರೆ ಎಂಬುದನ್ನು ನಾವು ಕೇಳಿಕೊಳ್ಳಬೇಕು.