ಒಸಡಿನ ಪಾಠ

ನಮ್ಮ ಪಾಠಶಾಲೆಯ ದಿನಗಳಲ್ಲಿ ಒಂದು ಕಟ್ಟಳೆಯಿತ್ತು. ಓದಿದ್ದನ್ನು ಯಾರಾದರೊಬ್ಬರ ಮುಂದೆ ಒಪ್ಪಿಸದೆ ಮಲಗುವಂತಿರಲಿಲ್ಲ. ಕೇಳುವವರಿಗೆ ಆ ವಿಷಯ ತಿಳಿದಿರಲೇಬೇಕೆಂಬ ನಿಯಮವಿರಲಿಲ್ಲ. ಅಡಿಗೆಯವರಾದರೂ ಸರಿಯೆ, ಕುಳಿತು ಕೇಳಿದರೆ ಸಾಕಾಗುತ್ತಿತ್ತು. ನಾವು ತಡವರಿಸಿದಲ್ಲಿ ಅವರ ಹುಬ್ಬು ಮೇಲೇರುತ್ತಿತ್ತು, ನಮ್ಮ ತಪ್ಪು ನಮಗೆ ಗೊತ್ತಾಗುತ್ತಿತ್ತು. ಅರವತ್ತು ದಾಟಿದ ಮೇಲೆ ಈ ಕೇಳುವ ಕೆಲಸ ನಮ್ಮ ಪಾಲಿಗೆ ಬಂದೀತೆಂದು, ಅದೂ ದಂತವೈದ್ಯದ ಪಾಠವನ್ನು ಕೇಳಬೇಕಾದೀತೆಂದು ನಾವು ಎಣಿಸಿರಲಿಲ್ಲ.

ನಮ್ಮ ತಂಗಿಯ ಮೊಮ್ಮಗಳೊಬ್ಬಳು ದಂತವೈದ್ಯ ಪದವಿಯ ಕೊನೆಯ ವರ್ಷದಲ್ಲಿದ್ದಾಳೆ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು, ಬುದ್ಧಿವಂತೆ, ಶ್ರಮಜೀವಿ. ಆದರೂ ಕಳೆದ ಪರೀಕ್ಷೆಯಲ್ಲಿ ಒಂದು ವಿಷಯ ಅವಳ ಕೈತಪ್ಪಿತು. ಒಸಡು ಹಾಗೂ ಹಲ್ಲಿನ ಸುತ್ತಲಿನ ಎಲುಬಿನ ರೋಗಗಳನ್ನು ಕುರಿತ ಆ ವಿಷಯಕ್ಕೆ ಪೆರಿಯೋಡಾಂಟಿಕ್ಸ್ ಎಂದು ಹೆಸರು. ಬರವಣಿಗೆಯ ಪರೀಕ್ಷೆ ಚೆನ್ನಾಗಿಯೇ ಆಗಿತ್ತಂತೆ. ತೊಡಕು ಬಂದದ್ದು ಪ್ರಾಯೋಗಿಕದಲ್ಲಿ. ಅಲ್ಲಿ ಪ್ರತಿ ವಿದ್ಯಾರ್ಥಿಗೂ ಒಬ್ಬ ರೋಗಿಯನ್ನು ಕೊಡುತ್ತಾರೆ. ಅವರ ವೃತ್ತಾಂತವನ್ನು ಬರೆದುಕೊಂಡು, ಬಾಯಿಯನ್ನು ಪರೀಕ್ಷಿಸಿ, ರೋಗವನ್ನು ಹೆಸರಿಸಿ, ಹಲ್ಲು ಶುದ್ಧಿ ಮಾಡಿ ತೋರಿಸಬೇಕು. ಇವಳಿಗೆ ಬಂದವರು ಹಳ್ಳಿಯ ಒಬ್ಬ ವೃದ್ಧ ರೈತರು. ಪರೀಕ್ಷಕರು ಪಕ್ಕದಲ್ಲಿ ನಿಂತಿರುವಾಗಲೇ ಅವರು, "ನನ್ನ ಬಾಯಾಗ ಏನಾಗೇತವ್ವ?" ಎಂದು ಕೇಳಿದರಂತೆ. ಇವಳು ರೋಗದ ಇಂಗ್ಲಿಷ್ ಹೆಸರು, ಅದರ ಹಂತ, ದರ್ಜೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು. "ಅಂದ್ರ?" ಎಂದರು ರೈತರು. ಇವಳ ನಾಲಗೆ ಅಲ್ಲಿಗೆ ನಿಂತಿತು. ಬಳಿಕ ಮೌಖಿಕದಲ್ಲಿ ಕೇಳಿದ್ದು ಒಂದು ಸಣ್ಣ ಪ್ರಶ್ನೆ: ಚಿಕಿತ್ಸೆಯ ನಾಲ್ಕು ಘಟ್ಟಗಳಲ್ಲಿ ಒಂದನೆಯದರ ಬೆನ್ನಿಗೇ ನಾಲ್ಕನೆಯದು ಬರುತ್ತದಲ್ಲ, ಅದೇಕೆ? ಕ್ರಮ ಅವಳಿಗೆ ಬಾಯಿಪಾಠವಿತ್ತು; ಕಾರಣ ಗೊತ್ತಿರಲಿಲ್ಲ.

ಮರುಪರೀಕ್ಷೆಗೆ ಓದಲೆಂದು ಅವಳು ಎರಡು ತಿಂಗಳು ನಮ್ಮ ಮನೆಯಲ್ಲಿದ್ದಳು. ಕಾಲೇಜಿಗೆ ನಮ್ಮ ಮನೆಯೇ ಹತ್ತಿರ. ಮೊದಲ ರಾತ್ರಿ ಇಂಗ್ಲಿಷಿನಲ್ಲಿ ಒಪ್ಪಿಸತೊಡಗಿದಳು. ನಮಗೆ ಇಂಗ್ಲಿಷು ಅಷ್ಟಕ್ಕಷ್ಟೆ; ಕನ್ನಡದಲ್ಲಿ ಹೇಳು ಎಂದೆವು. ಮೊದಲನೆಯ ವಾಕ್ಯದಲ್ಲೇ ನಿಂತಳು. ಹಲ್ಲು, ಒಸಡು, ಎಲುಬು ಎಂಬ ಮೂರು ಮಾತುಗಳ ಆಚೆಗೆ ಅವಳ ಶಾಸ್ತ್ರಕ್ಕೆ ಕನ್ನಡವೇ ಇರಲಿಲ್ಲ. ಹೀಗಾಗಿ ನಾವಿಬ್ಬರೂ ಕೂಡಿ ಒಂದೊಂದು ಮಾತನ್ನು ಹುಡುಕುತ್ತ ಹೋದೆವು.

ಅವಳಿಂದ ನಾವು ತಿಳಿದದ್ದು ಇಷ್ಟು. ಹಲ್ಲು ಎಲುಬಿನಲ್ಲಿ ಗೂಟದಂತೆ ನಾಟಿಕೊಂಡಿಲ್ಲ. ಕೂದಲಿಗಿಂತ ಸಣ್ಣ ನಾರುಗಳಿಂದ ತೊಟ್ಟಿಲಿನಂತೆ ತೂಗುಬಿದ್ದಿದೆ. ಒಸಡಿನ ತುದಿ ಹಲ್ಲಿಗೆ ಅಂಟಿಕೊಂಡಿರುವುದಿಲ್ಲ. ಕೊರಳ ಸುತ್ತ ಅಂಗಿಯ ಪಟ್ಟಿ ನಿಂತಂತೆ ನಿಂತಿರುತ್ತದೆ, ನಡುವೆ ಒಂದು ಸಣ್ಣ ಸಂದು. ನಿರೋಗಿಯ ಬಾಯಲ್ಲಿ ಆ ಸಂದಿನ ಆಳ ೩ ಮಿಲಿಮೀಟರನ್ನು ಮೀರುವುದಿಲ್ಲ. ಹಲ್ಲಿನ ಮೇಲೆ ದಿನವೂ ಕೂಡುವ ಅಂಟಾದ ಪಾಚಿ ಜೀವಾಣುಗಳ ಬೀಡು. ಉಜ್ಜದೆ ಬಿಟ್ಟರೆ ಜೊಲ್ಲಿನಲ್ಲಿರುವ ಖನಿಜಗಳು ಅದರಲ್ಲಿ ಸೇರಿ ಕಲ್ಲಿನಂತಹ ಕಿಟ್ಟವಾಗುತ್ತದೆ. ಅದು ಬ್ರಷ್ಷಿಗೆ ಬಗ್ಗುವುದಿಲ್ಲ. ಮೊದಲು ಒಸಡು ಕೆಂಪಾಗಿ ಊದಿ ರಕ್ತ ಒಸರುತ್ತದೆ. ಇಷ್ಟರಲ್ಲೇ ಎಚ್ಚೆತ್ತರೆ ಎಲ್ಲವೂ ಮೊದಲಿನಂತಾಗುತ್ತದೆ. ಎಚ್ಚರ ತಪ್ಪಿದರೆ ಹಲವರಲ್ಲಿ ಸಂದು ಆಳವಾಗಿ ಕಿಸೆಯಾಗುತ್ತದೆ, ಕೆಳಗೆ ಎಲುಬು ಕರಗುತ್ತದೆ. ಸೋಜಿಗವೆಂದರೆ ಎಲುಬನ್ನು ಕರಗಿಸುವುದು ಬಹುಪಾಲು ಜೀವಾಣುವಲ್ಲ. ಅದರ ಮೇಲೆ ದಂಡೆತ್ತಿದ ನಮ್ಮ ದೇಹದ್ದೇ ಪ್ರತಿಕ್ರಿಯೆ. ಇಷ್ಟೆಲ್ಲ ನಡೆದರೂ ಸಾಮಾನ್ಯವಾಗಿ ನೋವಿರುವುದಿಲ್ಲ. "ಅಜ್ಜಾ, ಬ್ಯಾನಿ ಇಲ್ಲಂದ್ರ ರೋಗ ಇಲ್ಲಂತ ಅಲ್ಲ" ಎಂದು ಅವಳು ಹೇಳಿದ ರಾತ್ರಿ ನಾವು ನಮ್ಮ ಎಡದವಡೆಯನ್ನು ನಾಲಗೆಯಿಂದ ಮುಟ್ಟಿ ನೋಡಿಕೊಂಡೆವು. ಆ ಮಾತಿಗೆ ಮತ್ತೆ ಬರುತ್ತೇವೆ.

ಪಾಚಿಯೇ ಒಸಡುರೋಗಕ್ಕೆ ಕಾರಣವೆಂಬುದು ಇಂದು ಮೊದಲ ವರ್ಷದ ವಿದ್ಯಾರ್ಥಿಗೂ ಗೊತ್ತು. ಅದನ್ನು ತೋರಿಸಿದ ಪ್ರಯೋಗದ ಕಥೆ ನಮಗೆ ಬಲು ಹಿಡಿಸಿತು. ಡೆನ್ಮಾರ್ಕಿನ ಆರ್ಹುಸ್ ನಗರದಲ್ಲಿ ಹೆರಾಲ್ಡ್ ಲೋ ಎಂಬ ವಿದ್ವಾಂಸರೂ ಅವರ ಸಂಗಡಿಗರೂ ೧೯೬೫ರಲ್ಲಿ ಪ್ರಕಟಿಸಿದ್ದು ಅದು. ಒಸಡು ಆರೋಗ್ಯವಾಗಿದ್ದ ೧೨ ಜನ, ಅವರಲ್ಲಿ ಹೆಚ್ಚಿನವರು ದಂತವೈದ್ಯದ ವಿದ್ಯಾರ್ಥಿಗಳೇ, ಹಲ್ಲುಜ್ಜುವುದನ್ನು ನಿಲ್ಲಿಸಿದರು. ೧೦ರಿಂದ ೨೧ ದಿನಗಳೊಳಗೆ ಎಲ್ಲರ ಒಸಡೂ ಬಾತು ಕೆಂಪಾಯಿತು. ಮತ್ತೆ ಉಜ್ಜತೊಡಗಿದ ಮೇಲೆ ಒಂದು ವಾರದ ಆಸುಪಾಸಿನಲ್ಲಿ ಎಲ್ಲರದೂ ವಾಸಿಯಾಯಿತು. ಔಷಧಿಯಿಲ್ಲ, ಶಸ್ತ್ರವಿಲ್ಲ. ಅದೇ ಲೋ ೧೯೭೦ರಿಂದ ಶ್ರೀಲಂಕಾದ ಚಹಾ ತೋಟಗಳ ೪೮೦ ತಮಿಳು ಕೂಲಿಕಾರರನ್ನು ವರ್ಷಾನುಗಟ್ಟಲೆ ಗಮನಿಸಿದರು. ಹಲ್ಲಿನ ಶುಶ್ರೂಷೆಯನ್ನೇ ಕಾಣದವರು ಅವರು. ಎಲ್ಲರ ಬಾಯಲ್ಲೂ ಪಾಚಿ, ಕಿಟ್ಟ. ಆದರೆ ೧೯೮೬ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಶೇಕಡಾ ೮ ಜನರಲ್ಲಿ ರೋಗ ನಾಗಾಲೋಟದಲ್ಲಿ ಓಡಿತು, ಶೇಕಡಾ ೮೧ರಲ್ಲಿ ಮೆಲ್ಲನೆ ನಡೆಯಿತು, ಶೇಕಡಾ ೧೧ರಲ್ಲಿ ಒಸಡಿನ ಬಾವನ್ನು ದಾಟಲೇ ಇಲ್ಲ. ನಮ್ಮ ಅಜ್ಜ ಬರಿಯ ಬೂದಿಯಲ್ಲಿ ಉಜ್ಜಿ ತೊಂಬತ್ತರವರೆಗೆ ಕಬ್ಬು ಜಗಿದರೆಂದು ಎಷ್ಟೋ ಮನೆಗಳಲ್ಲಿ ಹೇಳುವುದುಂಟು. ಆ ಅಜ್ಜಂದಿರು ಬಹುಶಃ ಆ ಹನ್ನೊಂದರೊಳಗಿನವರು. ನಾವು ಯಾವುದರೊಳಗಿನವರೆಂಬುದು ಹಲ್ಲು ಅಲುಗಾಡುವ ಮುನ್ನ ನಮಗೆ ತಿಳಿಯುವುದಿಲ್ಲ.

ಸಂಸ್ಕೃತದ ಅಭಿಮಾನದಿಂದ ನಾವೂ ಒಂದು ಮಾತನ್ನು ಸೇರಿಸಿದೆವು. ಸುಶ್ರುತನು ಮುಖರೋಗಗಳು ೬೫ ಎಂದು ಎಣಿಸಿ, ಅವುಗಳಲ್ಲಿ ೧೫ ದಂತಮೂಲಕ್ಕೆ ಸೇರಿದವೆನ್ನುತ್ತಾನೆ. ಕಾರಣವಿಲ್ಲದೆ ಒಸಡಿನಿಂದ ರಕ್ತ ಬರುವುದು ಶೀತಾದ. ಕೀವು ರಕ್ತಗಳು ಸುರಿದು ಹಲ್ಲು ಅಲುಗುವುದು ದಂತವೇಷ್ಟ. ಹಲ್ಲಿನ ಮೇಲೆ ಗಟ್ಟಿಯಾದ ಕಿಟ್ಟಕ್ಕೆ ದಂತಶರ್ಕರೆ ಎಂದು ಹೆಸರಿಟ್ಟು, ದಂತಮೂಲಕ್ಕೆ ಹಿಂಸೆಯಾಗದಂತೆ ಅದನ್ನು ಕಿತ್ತು ತೆಗೆಯಬೇಕೆಂದು ವಿಧಿಸಿದ್ದಾನೆ. ಹುಡುಗಿ ಬೆರಗಾಗಿ ಬರೆದುಕೊಂಡಳು. ಆದರೆ ಕಿಟ್ಟ ಬರುವುದು ಪಾಚಿಯಿಂದ, ಪಾಚಿಯಲ್ಲಿ ಜೀವಾಣುಗಳಿವೆ ಎಂಬುದು ಸುಶ್ರುತನಿಗೆ ಗೊತ್ತಿರಲಿಲ್ಲ. ಎಲ್ಲವೂ ನಮ್ಮಲ್ಲಿ ಮೊದಲೇ ಇತ್ತೆಂದು ಹೇಳುವ ಚಟ ನಮಗಿಲ್ಲ.

ಅವಳ ಸಲಕರಣೆಗಳಲ್ಲಿ ಒಂದು ಸಣ್ಣ ಅಳತೆಕಡ್ಡಿಯಿದೆ. ವಿಲಿಯಮ್ಸ್ ಪ್ರೋಬ್ ಎನ್ನುತ್ತಾರೆ. ಅದರ ಮೇಲೆ ೧, ೨, ೩ರ ಗೆರೆಗಳಿವೆ, ೪ ಇಲ್ಲ, ೫ ಇದೆ, ೬ ಇಲ್ಲ, ಮುಂದೆ ೭ರಿಂದ ೧೦. ಗೆರೆಗಳು ಒತ್ತಾದರೆ ಬಾಯಿಯ ಮಬ್ಬುಬೆಳಕಿನಲ್ಲಿ ಒಂದಕ್ಕೊಂದು ಬೆರೆತು ಕಾಣುತ್ತವೆಂದು ಎರಡನ್ನು ಬಿಟ್ಟಿದ್ದಾರೆ. ಮೌಖಿಕದಲ್ಲಿ ತಪ್ಪದೆ ಕೇಳುವ ಪ್ರಶ್ನೆಯಂತೆ ಇದು.

ಆ ಕಡ್ಡಿ ನಮ್ಮ ಬಾಯಿಗೂ ಬಂತು. ಮನೆಯಲ್ಲಿ ಅಲ್ಲ, ಹಾಗೆ ಮಾಡಬಾರದೆಂದು ಕಾಲೇಜಿನ ಹೊರರೋಗಿ ವಿಭಾಗಕ್ಕೆ ನಮ್ಮನ್ನು ಕರೆದೊಯ್ದು, ಅವಳ ಅಧ್ಯಾಪಕರ ಕಣ್ಣೆದುರಿನಲ್ಲೇ ಅಳೆದಳು. ಎಡಗಡೆಯ ಕೆಳದವಡೆಯ ಹಲ್ಲಿನ ಹಿಂದೆ ಕಡ್ಡಿ ೫ರ ಗೆರೆಯನ್ನು ದಾಟಿ ಇಳಿಯಿತು, ೭ಕ್ಕೆ ಮುಟ್ಟಲಿಲ್ಲ. ಆರು ಎಂದು ಬರೆದುಕೊಂಡಳು. ರಕ್ತವೂ ಬಂತು. ಆಗ ನಾವು ಒಪ್ಪಿಕೊಳ್ಳಬೇಕಾಯಿತು: ಎರಡು ವರ್ಷಗಳಿಂದ ಆ ಮಗ್ಗುಲಲ್ಲಿ ರಕ್ತ ಬರುತ್ತಿತ್ತು, ರಕ್ತ ಬರುತ್ತದೆಂದೇ ಆ ಕಡೆ ಬ್ರಷ್ಷನ್ನು ಒಯ್ಯುವುದನ್ನು ಬಿಟ್ಟಿದ್ದೆವು. ಉಜ್ಜಬೇಕಾದಲ್ಲಿಯೇ ಉಜ್ಜದೆ ರೋಗವನ್ನು ಸಾಕಿದ್ದೆವು. ಅದೇ ಸಾಲಿನ ಇನ್ನೊಂದು ಹಲ್ಲು ಹತ್ತು ವರ್ಷಗಳ ಹಿಂದೆ ತಾನಾಗಿ ಕಳಚಿದಾಗ ವಯಸ್ಸಾಯಿತೆಂದು ಸುಮ್ಮನಾಗಿದ್ದೆವು. ಮಧುಮೇಹವಿದೆಯೇ ಎಂದು ಅಧ್ಯಾಪಕರು ಕೇಳಿದರು, ಇದೆ ಎಂದೆವು. ಸಕ್ಕರೆ ಹೆಚ್ಚಿದವರಲ್ಲಿ ಒಸಡುರೋಗ ಬಲಿಯುತ್ತದೆ, ಒಸಡುರೋಗ ಬಲಿತವರಲ್ಲಿ ಸಕ್ಕರೆಯನ್ನು ಹಿಡಿತಕ್ಕೆ ತರುವುದು ಕಷ್ಟವಾಗುತ್ತದೆ. ಹೊಗೆ ಸೇದುವವರಲ್ಲಿ ಇದಕ್ಕಿಂತ ಮೋಸದ ಸಂಗತಿಯೊಂದಿದೆ: ಅವರ ಒಸಡಿನಲ್ಲಿ ರಕ್ತ ಬರುವುದು ಕಡಿಮೆ, ಒಳಗೆ ಎಲುಬು ಕರಗುತ್ತಿದ್ದರೂ ಹೊರಗೆ ಸೂಚನೆ ಸಿಕ್ಕುವುದಿಲ್ಲ.

ಚಿಕಿತ್ಸೆಯ ಘಟ್ಟಗಳನ್ನು ಅವಳು ಒಪ್ಪಿಸಿದ್ದು ಈಗ ನಮ್ಮ ಬಾಯಿಯ ಮೇಲೆಯೇ ನಡೆಯಿತು. ಮೊದಲನೆಯದು ಶುದ್ಧಿ: ಒಸಡಿನ ಮೇಲಿನ, ಕೆಳಗಿನ ಕಿಟ್ಟವನ್ನೆಲ್ಲ ತೆಗೆದು, ಉಜ್ಜುವ ಕ್ರಮವನ್ನು ರೋಗಿಗೆ ಕಲಿಸುವುದು. ಮೆತ್ತನೆಯ ಬ್ರಷ್ಷಿನ ಎಳೆಗಳನ್ನು ಒಸಡಿನ ಅಂಚಿಗೆ ೪೫ ಡಿಗ್ರಿ ಓರೆಯಾಗಿಟ್ಟು ಸಣ್ಣಗೆ ಅಲುಗಿಸಬೇಕು. ಗರಗಸದಂತೆ ಅಡ್ಡ ಎಳೆಯಬಾರದು. ಅರವತ್ತು ವರ್ಷ ನಾವು ಎಳೆದದ್ದು ಗರಗಸವೇ. ಶುದ್ಧಿಯಾದ ಮೇಲೆ ಹಲ್ಲುಗಳ ನಡುವೆ ಸಂದು ಕಂಡಿತು, ತಣ್ಣೀರು ಜುಮ್ಮೆಂದಿತು. ಹಲ್ಲು ಕ್ಲೀನ್ ಮಾಡಿಸಿದರೆ ಸಡಿಲವಾಗುತ್ತವೆಂದು ನಮ್ಮ ಹೆಣ್ಣುಮಕ್ಕಳು ಹೆದರುವುದು ಇದರಿಂದಲೇ. ಆದದ್ದು ಬೇರೆ: ಸಂದನ್ನು ತುಂಬಿದ್ದು ಕಿಟ್ಟ, ಮುಚ್ಚಿದ್ದು ಒಸಡಿನ ಬಾವು, ಅವೆರಡೂ ಹೋದಾಗ ರೋಗವು ಮೊದಲೇ ಮಾಡಿದ್ದ ಹಾನಿ ಕಣ್ಣಿಗೆ ಬಿತ್ತು. ಬಾಯಿ ಮುಕ್ಕಳಿಸಲು ಕೊಟ್ಟ ಕ್ಲೋರ್‌ಹೆಕ್ಸಿಡಿನ್ ಔಷಧಿಯನ್ನು ಹೇಳಿದಷ್ಟೇ ದಿನ ಬಳಸಬೇಕು. ಹೆಚ್ಚು ದಿನ ಬಳಸಿದರೆ ಹಲ್ಲಿಗೆ ಕಂದುಬಣ್ಣ ಹತ್ತುತ್ತದೆ, ರುಚಿ ಕೆಡುತ್ತದೆ.

ನಾಲ್ಕರಿಂದ ಆರು ವಾರ ಬಿಟ್ಟು ಮತ್ತೆ ಅಳೆಯುತ್ತಾರೆ. ನಮ್ಮ ಆರು, ಮೂರನ್ನು ದಾಟಿ ಐದಕ್ಕೆ ಮುಟ್ಟದ ನಾಲ್ಕಾಗಿತ್ತು, ರಕ್ತವಿರಲಿಲ್ಲ. ಎಲುಬು ಮರಳಿ ಬೆಳೆದು ಹೀಗಾದದ್ದಲ್ಲ. ಕೆಲವು ಬಗೆಯ ಕುಳಿಗಳಲ್ಲಿ ಶಸ್ತ್ರಕ್ರಿಯೆಯಿಂದ ಒಂದಿಷ್ಟು ಎಲುಬನ್ನು ಬೆಳೆಸಬಹುದು. ಉಳಿದಂತೆ ಹೋದದ್ದು ಹೋದಂತೆಯೇ. ಬಾವಿಳಿದು ಒಸಡು ಹಲ್ಲಿಗೆ ಬಿಗಿದು ನಿಂತಿತು, ಅಷ್ಟೆ.

ಅಂದು ಮನೆಗೆ ನಡೆದು ಬರುವಾಗ ಹುಡುಗಿ ತಟ್ಟನೆ ನಿಂತಳು. ಎರಡನೆಯ ಘಟ್ಟ ಶಸ್ತ್ರಕ್ರಿಯೆ, ಮೂರನೆಯದು ಹೋದ ಹಲ್ಲನ್ನು ಕಟ್ಟುವುದು, ನಾಲ್ಕನೆಯದು ಜೀವನಪರ್ಯಂತದ ಪಾಲನೆ. ಪುಸ್ತಕದಲ್ಲಿ ಒಂದಾದ ಮೇಲೆ ಮರುಪರೀಕ್ಷೆ, ಅದರ ಬೆನ್ನಿಗೆ ನಾಲ್ಕು, ಆಮೇಲೆ ಎರಡು ಮತ್ತು ಮೂರು. "ಅಜ್ಜಾ, ದಿನಾ ಸ್ವಚ್ಛ ಇಟ್ಟುಕೊಳ್ಳದ ಬಾಯಿಗೆ ಶಸ್ತ್ರ ಮಾಡಿದರ ಅದು ಉಳಿಯೂದಿಲ್ಲ. ಅದಕ್ಕ ಪಾಲನೆ ಮೊದಲ ಶುರು ಆಗಬೇಕು, ಉಳಿದದ್ದೆಲ್ಲ ಅದರ ನಡುವ ನಡೀಬೇಕು" ಎಂದಳು. ಪರೀಕ್ಷಕರು ಕೇಳಿದ ಪ್ರಶ್ನೆಗೆ ಉತ್ತರ ಐದು ತಿಂಗಳು ತಡವಾಗಿ, ಸಂತೆಬೀದಿಯ ನಡುವೆ ಬಂದಿತ್ತು. ನಮಗೂ ಒಂದು ಮಾತು ಹೊಳೆಯಿತು: ಉಳಿದ ಮೂರು ಘಟ್ಟಗಳಲ್ಲಿ ವೈದ್ಯರ ಕೈಯೇ ಹೆಚ್ಚು, ಈ ನಾಲ್ಕನೆಯದರಲ್ಲಿ ನಮ್ಮ ಕೈ. ಪ್ರಶ್ನೆಪತ್ರಿಕೆಯಲ್ಲಿ ಅದಕ್ಕೆ ಎರಡು ಸಾಲು ಬರೆದರೆ ನಡೆಯುತ್ತದಂತೆ.

ಮರುಪರೀಕ್ಷೆ ಮುಗಿದಿದೆ. ಈ ಸಲ ಬಂದ ರೋಗಿ ಬಳೆ ಮಾರುವ ಹೆಂಗಸು. "ಅಕ್ಕಾ, ಹಲ್ಲು ಗಟ್ಟಿ ಅದಾವು, ಹಲ್ಲು ನಿಂತ ನೆಲ ಕರಗಾಕ ಹತ್ತೇತಿ, ಇನ್ನ ಕರಗದಂಗ ನಾವು ನೀವು ಕೂಡಿ ತಡೀಬೇಕು" ಎಂದು ಹೇಳಿದಳಂತೆ. ಆಕೆ, "ಹಂಗಾರ ಕೀಳೂದು ಬ್ಯಾಡ ಹೌದಿಲ್ಲೊ?" ಎಂದು ಕೇಳಿ, ಬ್ರಷ್ಷು ಹಿಡಿಯುವುದನ್ನು ಎರಡು ಸಲ ತೋರಿಸಿಕೊಂಡು ಹೋದಳಂತೆ. ಫಲಿತಾಂಶ ಇನ್ನೂ ಬಂದಿಲ್ಲ. ನಮ್ಮ ಗೋಡೆಯ ಪಂಚಾಂಗದಲ್ಲಿ, ಮೂರು ತಿಂಗಳಾಚೆಯ ಒಂದು ಬುಧವಾರಕ್ಕೆ ಅವಳು ಕೆಂಪು ಸುತ್ತುಗೆರೆ ಎಳೆದು ಹೋಗಿದ್ದಾಳೆ. ಆ ದಿನಕ್ಕೆ ಬೇರೆ ಯಾವ ಉಪನ್ಯಾಸವನ್ನೂ ನಾವು ಒಪ್ಪಿಕೊಂಡಿಲ್ಲ.