ಮೊದಲು ಒಂದು ಸ್ಟೂಲು, ಆಮೇಲೆ ಫಿಟ್‌ನೆಸ್

ದುಡಿಯುವ ಹೆಂಗಸರು ಸಂಘ ಕಟ್ಟಿಕೊಳ್ಳುವುದು ಇವತ್ತು ಹೊಸ ಸುದ್ದಿಯೇನಲ್ಲ. ಬ್ಯಾಂಕಿನವರು, ಟೀಚರಮ್ಮಂದಿರು, ವಕೀಲೆಯರು, ವಿಮಾ ಏಜೆಂಟರು, ಬ್ಯೂಟಿ ಪಾರ್ಲರ್ ನಡೆಸುವವರು, ಹೊಲಿಗೆ ಅಂಗಡಿ ಇಟ್ಟವರು ತಿಂಗಳಿಗೊಂದು ಸಲ ಒಂದೆಡೆ ಸೇರುತ್ತಾರೆ. ಪರಿಚಯ ಬೆಳೆಯುತ್ತದೆ, ವ್ಯಾಪಾರ ಕುದುರುತ್ತದೆ, ಸಾಲಕ್ಕೆ ಯಾವ ಬ್ಯಾಂಕಿನ ಬಾಗಿಲು ತಟ್ಟಬೇಕೆಂಬುದು ಗೊತ್ತಾಗುತ್ತದೆ. ಬೆಂಗಳೂರಿನಲ್ಲಿ ಮಹಿಳಾ ಉದ್ಯಮಿಗಳ ‘ಅವೇಕ್’ ಸಂಸ್ಥೆ ಹುಟ್ಟಿದ್ದು 1983ರಲ್ಲಿ. ಆಗ ‘ಹೆಂಗಸರಿಗೇಕೆ ಬಿಸಿನೆಸ್ಸು?’ ಎಂದು ಮೂಗು ಮುರಿದವರ ಮನೆಯ ಹೆಣ್ಣುಮಕ್ಕಳೇ ಇವತ್ತು ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದಾರೆ. ಸಂತೋಷದ ಮಾತೇ.

ಈಗ ಇಂಥ ಸಂಘಗಳಲ್ಲಿ ಹೊಸದೊಂದು ಗಾಳಿ ಬೀಸಿದೆ. ಅದರ ಹೆಸರು ಫಿಟ್‌ನೆಸ್. ಮಾರ್ಚ್ 8 ಬಂತೆಂದರೆ ಬಣ್ಣದ ಟೀ ಶರ್ಟ್ ತೊಟ್ಟು ನಡಿಗೆ, ಕಲ್ಯಾಣಮಂಟಪದಲ್ಲಿ ಯೋಗ, ಹಾಡು ಹಾಕಿಕೊಂಡು ಝುಂಬಾ, ಕೊನೆಗೆ ಗಣ್ಯರ ಭಾಷಣ, ಶಾಲು, ಫೋಟೋ. ಇದನ್ನು ಲೇವಡಿ ಮಾಡುವ ಕಾರಣವಿಲ್ಲ. ನಲವತ್ತು ದಾಟಿದ ಹೆಂಗಸು ನಾಲ್ಕು ಜನರ ಎದುರು ಕೈಕಾಲು ಆಡಿಸಲು ನಾಚದೆ ನಿಲ್ಲುತ್ತಾಳೆಂದರೆ ಅದೇ ಒಂದು ದೊಡ್ಡ ಹೆಜ್ಜೆ. ಆದರೆ ಕೇಳಬೇಕಾದ ಪ್ರಶ್ನೆಯೊಂದಿದೆ. ಈ ಆರೋಗ್ಯ ಯಾರ ಆರೋಗ್ಯ? ಅದೇ ಬೀದಿಯ ಜವಳಿ ಅಂಗಡಿಯಲ್ಲಿ ಬೆಳಿಗ್ಗೆ ಹತ್ತರಿಂದ ರಾತ್ರಿ ಎಂಟರವರೆಗೆ ನಿಂತೇ ಸೀರೆ ಬಿಚ್ಚಿ ತೋರಿಸುವ ಹುಡುಗಿಗೆ ಇದರಲ್ಲಿ ಪಾಲಿದೆಯೋ, ಇಲ್ಲವೋ?

ಆ ಹುಡುಗಿಯ ದಿನಚರಿ ಎಲ್ಲರಿಗೂ ಗೊತ್ತಿರುವುದೇ. ಬೆಳಿಗ್ಗೆ ಐದಕ್ಕೆ ಏಳಬೇಕು, ಮನೆಗೆಲಸ ಮುಗಿಸಬೇಕು, ಟಿಫಿನ್ ಡಬ್ಬಿ ಕಟ್ಟಿಕೊಂಡು ಹಳ್ಳಿಯ ಬಸ್ಸು ಹಿಡಿಯಬೇಕು. ಬಸ್ಸಿನಲ್ಲೂ ನಿಂತೇ ಪ್ರಯಾಣ. ಅಂಗಡಿಯಲ್ಲಿ ಗಿರಾಕಿ ಇರಲಿ ಬಿಡಲಿ, ಕೂರುವ ಹಾಗಿಲ್ಲ. ರಾತ್ರಿ ಮನೆ ಸೇರಿದರೆ ಒಲೆಯ ಮುಂದೆ ಮತ್ತೆ ನಿಲ್ಲಬೇಕು. ‘ಇಷ್ಟು ಕೆಲಸ ಮಾಡ್ತಾರಲ್ಲ, ಇನ್ನೇನು ಎಕ್ಸರ್‌ಸೈಜು ಬೇಕು ಅವರಿಗೆ?’ ಎಂದು ಕೇಳುವ ಮಹನೀಯರಿದ್ದಾರೆ. ನಿಂತಲ್ಲೇ ನಿಲ್ಲುವುದು ವ್ಯಾಯಾಮವಲ್ಲ, ಸ್ವಾಮಿ. ಅದು ಶಿಕ್ಷೆ. ನಡೆಯುವಾಗ ಮೀನಖಂಡದ ಸ್ನಾಯುಗಳು ಕೆಳಗಿನ ರಕ್ತವನ್ನು ಮೇಲಕ್ಕೆ ಒತ್ತುತ್ತವೆ. ಅಲುಗಾಡದೆ ಗಂಟೆಗಟ್ಟಲೆ ನಿಂತರೆ ಆ ರಕ್ತ ಕಾಲಲ್ಲೇ ಉಳಿಯುತ್ತದೆ. ಪಾದ ಊದುತ್ತದೆ, ಸೊಂಟ ಹಿಡಿಯುತ್ತದೆ, ವರ್ಷಗಳು ಕಳೆದಂತೆ ಕಾಲಿನ ನರಗಳು ಗಂಟುಗಂಟಾಗಿ ಉಬ್ಬುತ್ತವೆ.

ಇದು ಗೊತ್ತಿಲ್ಲದ ವಿಷಯವೇನಲ್ಲ. 1948ರ ಕಾರ್ಖಾನೆ ಕಾಯಿದೆ ಮಾಡಿದವರು ಅದರ 44ನೇ ಕಲಮಿನಲ್ಲಿ, ನಿಂತು ಕೆಲಸ ಮಾಡುವವರಿಗೆ ಬಿಡುವು ಸಿಕ್ಕಾಗ ಕೂರಲು ವ್ಯವಸ್ಥೆ ಇರಬೇಕೆಂದು ಬರೆದಿಟ್ಟಿದ್ದರು. ಕಾರ್ಖಾನೆಗೆ ಆಗ ಬಂದ ಬುದ್ಧಿ ಅಂಗಡಿಗೆ ಬರಲು ಎಪ್ಪತ್ತು ವರ್ಷ ಹಿಡಿಯಿತು. ಅದೂ ತಾನಾಗಿ ಬರಲಿಲ್ಲ.

ಕೇರಳದ ಕೋಝಿಕ್ಕೋಡಿನಲ್ಲಿ ಮಿಠಾಯಿ ತೆರುವು ಎಂಬ ಹಳೆಯ ಪೇಟೆ ಬೀದಿ ಇದೆ. ಅಲ್ಲಿನ ಅಂಗಡಿಗಳಲ್ಲಿ ದುಡಿಯುವ ಹೆಂಗಸರಿಗೆ ಶೌಚಾಲಯವೂ ಇರಲಿಲ್ಲ, ಕೂರುವ ಸ್ವಾತಂತ್ರ್ಯವೂ ಇರಲಿಲ್ಲ. ಹೊಲಿಗೆ ಕೆಲಸ ಮಾಡುತ್ತಿದ್ದ ಪಿ. ವಿಜಿ ಎಂಬಾಕೆ ಅವರನ್ನೆಲ್ಲ ಸೇರಿಸಿ ‘ಪೆಣ್‌ಕೂಟ್ಟ್’ ಎಂಬ ಸಂಘಟನೆ ಕಟ್ಟಿದರು. ಹೆಣ್ಣುಮಕ್ಕಳ ಕೂಟ ಎಂಬುದೇ ಅದರ ಅರ್ಥ. ಅವರು ಮೊದಲು ಕೇಳಿದ್ದು ಶೌಚಾಲಯ, ಆಮೇಲೆ ಕೂರುವ ಹಕ್ಕು. ಕೊಡೆ ಹಂಚಲಿಲ್ಲ, ಕ್ಯಾಲೆಂಡರ್ ಅಚ್ಚು ಹಾಕಿಸಲಿಲ್ಲ. ವರ್ಷಗಟ್ಟಲೆ ಹೋರಾಡಿದರು. 2018ರಲ್ಲಿ ಕೇರಳ ಸರ್ಕಾರ ಅಂಗಡಿ ಕಾಯಿದೆಗೆ ತಿದ್ದುಪಡಿ ತಂದು, ಕೆಲಸದವರಿಗೆ ಕೂರಲು ಆಸನ ಕೊಡಬೇಕೆಂದು ವಿಧಿಸಿತು. ಅದೇ ವರ್ಷ ಬಿಬಿಸಿ ಸಂಸ್ಥೆ ಜಗತ್ತಿನ ನೂರು ಮಹಿಳೆಯರ ಪಟ್ಟಿಯಲ್ಲಿ ವಿಜಿಯವರ ಹೆಸರು ಸೇರಿಸಿತು. 2021ರಲ್ಲಿ ತಮಿಳುನಾಡು ಕೂಡ ಅಂಥದೇ ತಿದ್ದುಪಡಿ ತಂದಿತು. ಒಂದು ಪೇಟೆ ಬೀದಿಯ ಹೆಂಗಸರ ಸಂಘ ಮಾಡಿದ ಕೆಲಸವಿದು.

ಇನ್ನು ನೀರಿನ ವಿಷಯ. ಅಂಗಡಿಯಲ್ಲಿ ದುಡಿಯುವ, ಬಸ್ಸಿನಲ್ಲಿ ಓಡಾಡುವ ಹೆಂಗಸರಲ್ಲಿ ಎಷ್ಟೋ ಜನ ಹಗಲು ಹೊತ್ತು ನೀರನ್ನೇ ಕುಡಿಯುವುದಿಲ್ಲ. ಬಾಯಾರಿಕೆ ಇಲ್ಲವೆಂದಲ್ಲ, ಹೋಗಲು ಜಾಗವಿಲ್ಲವೆಂದು. ಹೆಣ್ಣಿನ ದೇಹದಲ್ಲಿ ಮೂತ್ರನಾಳ ಗಿಡ್ಡ, ಸೋಂಕು ಬೇಗ ಒಳಸೇರುತ್ತದೆ. ನೀರು ಕುಡಿಯದೆ, ಬಂದದ್ದನ್ನು ತಡೆದುಕೊಂಡು ಕೂತರೆ ಉರಿಮೂತ್ರ ಬರುತ್ತದೆ. ನಿರ್ಲಕ್ಷಿಸಿದರೆ ಆ ಸೋಂಕು ಮೂತ್ರಪಿಂಡದವರೆಗೂ ಏರಬಹುದು. ಹತ್ತು ರೂಪಾಯಿಯ ನೀರು ಕುಡಿಯದ ತಪ್ಪಿಗೆ ಸಾವಿರಾರು ರೂಪಾಯಿಯ ಆಸ್ಪತ್ರೆ ಬಿಲ್ಲು. ಮುಟ್ಟಿನ ದಿನಗಳಲ್ಲಂತೂ ಪಾಡು ಹೇಳತೀರದು. ವರ್ಷಕ್ಕೆ 12 ದಿನ ಸಂಬಳ ಸಹಿತ ಮುಟ್ಟಿನ ರಜೆ ಕೊಡುವ ನೀತಿಗೆ ಕರ್ನಾಟಕದ ಸಚಿವ ಸಂಪುಟ 2025ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಒಳ್ಳೆಯದೇ ಆಯಿತು. ಆದರೆ ತಿಂಗಳಿಗೆ ರಜೆ ಒಂದು ದಿನ, ಮುಟ್ಟು ನಾಲ್ಕೈದು ದಿನ. ಮಿಕ್ಕ ದಿನ ಬಟ್ಟೆಯೋ ಪ್ಯಾಡೋ ಬದಲಿಸಲು ಬಾಗಿಲಿರುವ ಒಂದು ಕೋಣೆ, ಒಂದು ನಲ್ಲಿ, ಮುಚ್ಚಳವಿರುವ ಒಂದು ಕಸದ ಡಬ್ಬಿ ಬೇಡವೇ?

ಬಸ್ ನಿಲ್ದಾಣಗಳ ಕಥೆಯೂ ಬೇರೆಯಲ್ಲ. 2023ರ ಜೂನ್ 11ರಂದು ‘ಶಕ್ತಿ’ ಯೋಜನೆ ಬಂದಮೇಲೆ ಸರ್ಕಾರಿ ಬಸ್ಸಿನಲ್ಲಿ ಹೆಂಗಸರು ಟಿಕೆಟ್ ದುಡ್ಡಿಲ್ಲದೆ ಓಡಾಡುತ್ತಿದ್ದಾರೆ. ಬಸ್ಸಿಗೆ ಕಾಸಿಲ್ಲ, ಶೌಚಾಲಯಕ್ಕೆ ಕಾಸು ಎಂಬುದು ಯಾವ ನ್ಯಾಯ? ಗಂಡಸಿಗೆ ಮೂತ್ರ ವಿಸರ್ಜನೆ ಉಚಿತ, ಹೆಂಗಸಿಗೆ ಮಾತ್ರ ಶುಲ್ಕ ಎಂಬ ಪದ್ಧತಿಯ ವಿರುದ್ಧ ಮುಂಬಯಿಯ ಮಹಿಳೆಯರು 2011ರಲ್ಲೇ ಚಳವಳಿ ಹೂಡಿದರು. ಇಲ್ಲಿ ದುಡ್ಡು ತೆತ್ತರೂ ಒಳಗೆ ಚಿಲಕವಿಲ್ಲ, ದೀಪವಿಲ್ಲ, ನೀರಿಲ್ಲ ಎಂಬ ದೂರುಗಳು ಬಸ್ಸಿಗೆ ಕಾಯುವವರ ಬಾಯಲ್ಲಿ ದಿನವೂ ಕೇಳುತ್ತವೆ. ಗುತ್ತಿಗೆ ಹರಾಜು ಹಾಕುವಾಗ ಇರುವ ಉತ್ಸಾಹ ಚಿಲಕ ಹಾಕಿಸುವಾಗ ಎಲ್ಲಿ ಹೋಗುತ್ತದೋ ಪುರಪಿತೃಗಳೇ ಹೇಳಬೇಕು.

ಎಲ್ಲಕ್ಕಿಂತ ದೊಡ್ಡ ಕಾಯಿಲೆ ಕಣ್ಣಿಗೆ ಕಾಣದ್ದು. ಅದು ರಕ್ತಹೀನತೆ. 2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ಹೆಂಗಸರಲ್ಲಿ ದೇಶದಲ್ಲಿ ನೂರಕ್ಕೆ 57 ಮಂದಿಗೆ, ಕರ್ನಾಟಕದಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತ ಕಡಿಮೆ. ಬಸ್ಸಿನ ಹೆಂಗಸರ ಸೀಟಿನಲ್ಲಿ ಇಬ್ಬರು ಕೂತಿದ್ದರೆ ಹೆಚ್ಚುಕಡಿಮೆ ಒಬ್ಬರ ಲೆಕ್ಕ. ಗರ್ಭಿಣಿಯಲ್ಲದ ಹೆಂಗಸಿಗೆ ಹಿಮೋಗ್ಲೋಬಿನ್ 12 ಗ್ರಾಂ ಇರಬೇಕು. ಒಂಬತ್ತಕ್ಕೋ ಎಂಟಕ್ಕೋ ಇಳಿದರೆ ಮೆಟ್ಟಿಲು ಹತ್ತುವಾಗ ಏದುಸಿರು, ತಲೆಸುತ್ತು, ಮಧ್ಯಾಹ್ನದ ಹೊತ್ತಿಗೆ ಸುಸ್ತು. ಮನೆಯಲ್ಲಿ ‘ಸೋಮಾರಿ’ ಅನ್ನುತ್ತಾರೆ, ಅಂಗಡಿಯಲ್ಲಿ ‘ಚುರುಕಿಲ್ಲ’ ಅನ್ನುತ್ತಾರೆ. ಪಾಪ, ಆಕೆಗೆ ಇಲ್ಲದ್ದು ಚುರುಕಲ್ಲ, ರಕ್ತ. ಇಂಥವಳನ್ನು ಪರೀಕ್ಷೆಯನ್ನೂ ಮಾಡಿಸದೆ ಝುಂಬಾಕ್ಕೆ ಕರೆದರೆ ಆಗುವ ಉಪಕಾರವೇನು?

ಇದಕ್ಕೆ ಪರಿಹಾರ ದುಬಾರಿಯಲ್ಲ. ಹಿಮೋಗ್ಲೋಬಿನ್ ಪರೀಕ್ಷೆ, ಕಬ್ಬಿಣದ ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಸಿಗುತ್ತವೆ. ಆದರೆ ನುಂಗುವ ಕ್ರಮ ಗೊತ್ತಿರಬೇಕು. ಊಟವಾದ ಕೂಡಲೇ ಟೀ ಕಾಫಿ ಕುಡಿದರೆ ಆಹಾರದ ಕಬ್ಬಿಣ ದೇಹಕ್ಕೆ ಹತ್ತುವುದು ಕಡಿಮೆಯಾಗುತ್ತದೆ. ಅದರ ಬದಲು ನಿಂಬೆಹುಳಿ, ನೆಲ್ಲಿಕಾಯಿ, ಸೀಬೆಹಣ್ಣು ಜೊತೆಗಿದ್ದರೆ ಚೆನ್ನಾಗಿ ಹತ್ತುತ್ತದೆ. ಹರಿವೆ ಸೊಪ್ಪು, ನುಗ್ಗೆ ಸೊಪ್ಪು, ಹುರುಳಿ, ಹೆಸರುಕಾಳು, ತಿನ್ನುವವರಿಗೆ ಮೀನು ಮಾಂಸ, ಇವೆಲ್ಲ ಸಂತೆಯಲ್ಲೇ ಸಿಗುವ ಔಷಧಿ. ರಾಗಿ ಮೂಳೆಗೆ ಒಳ್ಳೆಯದು, ನೂರು ಗ್ರಾಮಿಗೆ ಮುನ್ನೂರು ಮಿಲಿಗ್ರಾಮಿಗೂ ಹೆಚ್ಚು ಕ್ಯಾಲ್ಸಿಯಂ ಅದರಲ್ಲಿದೆ. ಆದರೆ ಮುದ್ದೆ ಎಲ್ಲರಿಗೂ ಬಡಿಸಿ ಕೊನೆಗೆ ತಳದಲ್ಲಿ ಉಳಿದದ್ದನ್ನು ಉಣ್ಣುವ ಪದ್ಧತಿ ಇರುವ ತನಕ ಯಾವ ಮಾತ್ರೆಯೂ ಪೂರ್ತಿ ಕೆಲಸ ಮಾಡಲಾರದು. ಈ ಮಾತು ಗಂಡಸರು ಓದಬೇಕಾದ್ದು.

ಹಾಗೆಂದು ವ್ಯಾಯಾಮ ಬೇಡವೆಂದಲ್ಲ. ವಾರಕ್ಕೆ 150 ನಿಮಿಷವಾದರೂ ಬಿರುಸಾಗಿ ನಡೆಯುವಂಥ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರ ತನ್ನ ಸೂಚನೆಯಲ್ಲಿ ಹೇಳಿದೆ. ಅಂದರೆ ದಿನಕ್ಕೆ ಅರ್ಧ ಗಂಟೆ, ವಾರಕ್ಕೆ ಐದು ದಿನ. ಕಛೇರಿಯಲ್ಲಿ ಕುರ್ಚಿಗೆ ಅಂಟಿ ಕೂತವರಿಗೆ ಇದು ತೀರಾ ಅಗತ್ಯ. ವಾರಕ್ಕೆರಡು ದಿನ ಸ್ನಾಯುಗಳಿಗೆ ಬಲ ಕೊಡುವ ಕಸರತ್ತು ಕೂಡ ಬೇಕು. ಮುಟ್ಟು ನಿಂತ ಮೇಲೆ ಹೆಂಗಸರ ಮೂಳೆ ಬೇಗ ಸವೆಯುವುದರಿಂದ ಇದು ಶೋಕಿಯ ಮಾತಲ್ಲ. ಒಂದೆರಡು ಸ್ಟಾಪು ಮೊದಲೇ ಇಳಿದು ನಡೆದರೂ ಆದೀತು. ಆದರೆ ಬೀದಿ ದೀಪ ಉರಿಯದ ರಸ್ತೆಯಲ್ಲಿ ಯಾವ ಹೆಣ್ಣುಮಗಳು ನಡೆದಾಳು? ಕ್ರೀಡಾಂಗಣದ ಗೇಟಿಗೆ ಸಂಜೆ ಬೀಗ ಬಿದ್ದರೆ ಎಲ್ಲಿ ನಡೆದಾಳು?

ಇಲ್ಲಿ ಸಂಘಗಳ ಪಾತ್ರ ಬರುತ್ತದೆ. ಇಳಾ ಭಟ್ಟರು 1972ರಲ್ಲಿ ಅಹಮದಾಬಾದಿನಲ್ಲಿ ‘ಸೇವಾ’ ಸಂಘ ಕಟ್ಟಿದಾಗ ಸೇರಿದವರು ತಲೆಹೊರೆ ಹೊರುವವರು, ತರಕಾರಿ ಮಾರುವವರು, ಚಿಂದಿ ಆಯುವವರು, ಬೀಡಿ ಕಟ್ಟುವವರು. ಕೂಲಿ, ಸಾಲದ ಪ್ರಶ್ನೆ ಹಿಡಿದು ಹೊರಟ ಸಂಘ ಆರೋಗ್ಯವನ್ನು ಬಿಡಲಾಗಲಿಲ್ಲ. ದುಡಿಯುವವಳು ಒಂದು ವಾರ ಮಲಗಿದರೆ ಆ ವಾರದ ಕೂಲಿ ಹೋಯಿತು, ಔಷಧಿಗೆ ಸಾಲವಾಯಿತು, ಸಾಲಕ್ಕೆ ಓಲೆ ಒತ್ತೆ ಬಿತ್ತು. ಹಾಗಾಗಿ ಮಕ್ಕಳ ಪಾಲನೆ, ಆರೋಗ್ಯ ಸಹಕಾರಿ, ವಿಮೆ ಎಲ್ಲವೂ ಅದೇ ಸಂಘದ ಕೆಲಸಗಳಾದವು. ಬಡವರ ಸಂಘಕ್ಕೆ ತಿಳಿದದ್ದು ಕಲಿತವರ ಸಂಘಕ್ಕೆ ತಿಳಿಯಬಾರದೇ?

ಊರಿನ ಉದ್ಯೋಗಸ್ಥೆಯರ ಸಂಘಗಳು ತಮ್ಮ ಸದಸ್ಯತ್ವದ ಬಾಗಿಲನ್ನು ಕೊಂಚ ಅಗಲ ಮಾಡಲಿ. ಸಾವಿರ ರೂಪಾಯಿ ಚಂದಾ, ಮಧ್ಯಾಹ್ನ ಮೂರಕ್ಕೆ ಸಭೆ ಎಂದರೆ ಅಂಗಡಿಯ ಹುಡುಗಿ, ಆಸ್ಪತ್ರೆಯ ಆಯಾ, ಹೋಟೆಲಿನ ಅಡುಗೆಯಾಕೆ ಬರುವುದು ಹೇಗೆ? ಅವರಿಗೆ ಕೈಗೆಟುಕುವ ಚಂದಾ ಇರಲಿ, ವಾರದ ರಜೆಯ ದಿನ ಸಭೆ ಇರಲಿ. ಸಂಘದಲ್ಲಿ ವೈದ್ಯೆಯರಿದ್ದರೆ ವರ್ಷಕ್ಕೆರಡು ಬಾರಿ ರಕ್ತ, ಬಿ.ಪಿ., ಸಕ್ಕರೆ ಪರೀಕ್ಷೆ ನಡೆಸುವುದು ಕಷ್ಟವಲ್ಲ. ಮೂವತ್ತು ದಾಟಿದವರಿಗೆ ಬಿ.ಪಿ., ಸಕ್ಕರೆಯ ಜೊತೆ ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆಯೂ ಸರ್ಕಾರದ ಕಾರ್ಯಕ್ರಮದಲ್ಲೇ ಇದೆ. ಗರ್ಭಕೊರಳಿನ ಕ್ಯಾನ್ಸರ್ ಬೆಳೆಯಲು ವರ್ಷಗಳೇ ಬೇಕು, ಮೊದಲೇ ಕಂಡರೆ ತಡೆಯಬಹುದು. ಒಬ್ಬಳೇ ಹೋಗಲು ಸಂಕೋಚಪಡುವವಳು ಹತ್ತು ಜನರ ಜೊತೆ ಹೋಗುತ್ತಾಳೆ. ಸಂಘ ಇರುವುದೇ ಅದಕ್ಕಲ್ಲವೇ?

ಇನ್ನೂ ಒಂದು ಮಾತು, ಸ್ವಲ್ಪ ಖಾರವಾದೀತು. ಇಂಥ ಸಂಘಗಳ ವೇದಿಕೆಯಲ್ಲಿ ಆರೋಗ್ಯದ ಬಗ್ಗೆ ಮಾತಾಡುವ ಯಜಮಾನಿಯರಲ್ಲೂ ಅಂಗಡಿ, ಪಾರ್ಲರ್, ಗಾರ್ಮೆಂಟ್ ಘಟಕ ಇಟ್ಟವರಿದ್ದಾರೆ. ತಮ್ಮಲ್ಲಿ ದುಡಿಯುವ ಹುಡುಗಿಯರಿಗೆ ಕೂರಲು ಜಾಗ ಇದೆಯೇ, ಶೌಚಾಲಯದ ಬೀಗದ ಕೈ ಯಾರ ಬಳಿ ಇದೆ ಎಂದು ಮನೆಗೆ ಹೋಗುವ ಮುಂಚೆ ಒಮ್ಮೆ ನೋಡಲಿ. ಹೆಂಗಸಿನ ಕಷ್ಟ ಹೆಂಗಸಿಗೇ ತಿಳಿಯದಿದ್ದರೆ ಗಂಡಸರನ್ನು ದೂರಿ ಫಲವೇನು?

ಅಂಗಡಿ ಮಾಲೀಕರ ಅಳಲೂ ಕೇಳತಕ್ಕದ್ದೇ. ‘ಜಾಗ ಎಲ್ಲಿದೆ ಸಾರ್? ಬಾಡಿಗೆ ಗಗನಕ್ಕೇರಿದೆ. ಕೂತ್ಕೊಂಡ್ರೆ ಗಿರಾಕಿಗೆ ಮರ್ಯಾದೆ ಕೊಟ್ಟ ಹಾಗಾಗುತ್ತಾ?’ ಎನ್ನುತ್ತಾರೆ. ಕೌಂಟರಿನ ಹಿಂದೆ ಮೂರಡಿ ಜಾಗದಲ್ಲಿ ಇಬ್ಬರು ಸರದಿಯಂತೆ ಕೂರಲು ಒಂದು ಸ್ಟೂಲು ಸಾಕು. ಗಿರಾಕಿ ಬಂದಾಗ ಏಳುವುದು ಯಾರಿಗೂ ಹೇಳಿಕೊಡಬೇಕಾದ ವಿದ್ಯೆಯಲ್ಲ. ಒಂದು ಅಂಗಡಿಗೆ ಶೌಚಾಲಯ ಕಟ್ಟಿಸುವುದು ಭಾರವಾದರೆ ಬೀದಿಯ ಹತ್ತು ಅಂಗಡಿಯವರು ಸೇರಿ ಒಂದನ್ನು ನಡೆಸಬಹುದು, ವರ್ತಕರ ಸಂಘ ಮುಂದೆ ನಿಂತರೆ ಆಯಿತು. ಕೆಲಸ ಕಲಿತ ಹುಡುಗಿ ಕಾಲುನೋವೆಂದು ಬಿಟ್ಟುಹೋದರೆ ಹಬ್ಬದ ಸೀಜನ್ನಿನಲ್ಲಿ ಹೊಸಬಳಿಗೆ ಸರಕು ತೋರಿಸಲು ಕಲಿಸುವಷ್ಟರಲ್ಲಿ ಗಿರಾಕಿ ಪಕ್ಕದ ಅಂಗಡಿಗೆ ಹೋಗಿರುತ್ತಾನೆ. ಈ ನಷ್ಟದ ಮುಂದೆ ಸ್ಟೂಲಿನ ಬೆಲೆ ಎಷ್ಟು? ಲೆಕ್ಕ ವರ್ತಕರಿಗೆ ಹೇಳಿಕೊಡಬೇಕಾಗಿಲ್ಲ.

ಆಗಬೇಕಾದ್ದು ಇಷ್ಟೇ. ಪ್ರತಿ ಅಂಗಡಿಯಲ್ಲಿ ಕೂರಲು ಆಸನ, ಕುಡಿಯಲು ನೀರು. ಪ್ರತಿ ಪೇಟೆ ಬೀದಿಗೆ ಹೆಂಗಸರು ಧೈರ್ಯವಾಗಿ ಹೋಗಬಹುದಾದ ಒಂದು ಶೌಚಾಲಯ. ಬಸ್ ನಿಲ್ದಾಣದ ಶೌಚಾಲಯಕ್ಕೆ ಚಿಲಕ, ದೀಪ, ನೀರು. ಸಂಜೆ ಕ್ರೀಡಾಂಗಣದಲ್ಲಿ ಹೆಂಗಸರಿಗೊಂದು ಗಂಟೆ. ಸಂಘದ ಮುಂದಿನ ಸಭೆಯ ಅಜೆಂಡಾದಲ್ಲಿ ಸನ್ಮಾನಕ್ಕಿಂತ ಮೊದಲು ಹಿಮೋಗ್ಲೋಬಿನ್ ಪರೀಕ್ಷೆಯ ದಿನಾಂಕ ನಿಗದಿಯಾಗಲಿ. ನಗರಸಭೆ, ಸಾರಿಗೆ ಸಂಸ್ಥೆ, ವರ್ತಕರ ಸಂಘ, ಮಹಿಳಾ ಸಂಘ, ಈ ನಾಲ್ವರೂ ಒಂದು ಮೇಜಿನ ಸುತ್ತ ಕೂತರೆ ಇದರಲ್ಲಿ ಒಂದೂ ಆಗದ ಕೆಲಸವಲ್ಲ. ಕೂತು ಮಾತಾಡಲು ಅವರಿಗಂತೂ ಕುರ್ಚಿಯ ಕೊರತೆಯಿಲ್ಲ.