ಪ್ರದರ್ಶನಕ್ಕಿಟ್ಟ ದೇಹ: ಒಪ್ಪಿಗೆ ಯಾರದು?

ಮೃತರ ದೇಹವನ್ನು ಕೆಡದಂತೆ ಕಾಪಿಟ್ಟು ಸಾರ್ವಜನಿಕರಿಗೆ ತೋರಿಸುವುದು ಸರಿಯೇ ಎಂಬ ಪ್ರಶ್ನೆ ಎದ್ದಾಗಲೆಲ್ಲ ಎರಡು ಉತ್ತರಗಳು ಸಿದ್ಧವಾಗಿರುತ್ತವೆ. ಅದು ಸತ್ತವರಿಗೆ ಬಗೆವ ಅಪಚಾರ ಎಂಬುದು ಒಂದು. ಅದರಿಂದ ಜ್ಞಾನ ಬೆಳೆಯುತ್ತದೆ ಎಂಬುದು ಇನ್ನೊಂದು. ಆ ದೇಹ ಯಾರದಾಗಿತ್ತೋ ಅವರ ಇಚ್ಛೆ ಏನಿತ್ತೆಂದು ಕೇಳುವವರು ವಿರಳ. ನನ್ನ ದೃಷ್ಟಿಯಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಅದೇ.

ದೇಹದ ನೀರು, ಕೊಬ್ಬುಗಳನ್ನು ತೆಗೆದು ಆ ಜಾಗದಲ್ಲಿ ಪ್ಲಾಸ್ಟಿಕ್ ತುಂಬುವ ವಿಧಾನವನ್ನು 1977ರಲ್ಲಿ ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ ಗುಂಟರ್ ಫಾನ್ ಹಾಗೆನ್ಸ್ ರೂಪಿಸಿದರು. 1995ರಲ್ಲಿ ಟೋಕಿಯೋದಲ್ಲಿ ಆರಂಭವಾದ ಅವರ ಪ್ರದರ್ಶನವನ್ನು ಅನೇಕ ದೇಶಗಳ ಲಕ್ಷಾಂತರ ಜನ ನೋಡಿದ್ದಾರೆ. ಧೂಮಪಾನಿಯ ಕಪ್ಪಿಟ್ಟ ಶ್ವಾಸಕೋಶ ಕಂಡು ಪಾಠ ಕಲಿತವರುಂಟು. ಚರ್ಮ ಸುಲಿದು ಚದುರಂಗದ ಮುಂದೆ ಕೂರಿಸಿದ ದೇಹ ಕಂಡು, ಇದೆಂಥ ವಿಜ್ಞಾನವೆಂದು ಪ್ರತಿಭಟಿಸಿದ ಕ್ರೈಸ್ತ ಧರ್ಮಗುರುಗಳೂ ಉಂಟು. ಬದುಕಿದ್ದಾಗಲೇ ಬರೆದುಕೊಟ್ಟವರ ದೇಹಗಳಿವು ಎಂಬುದು ಹಾಗೆನ್ಸರ ಸಮರ್ಥನೆ. ಹಾಗಿದ್ದಲ್ಲಿ ನನ್ನ ತಕರಾರಿಲ್ಲ. ವೈದ್ಯಕೀಯ ಕಾಲೇಜಿಗೆ ದೇಹದಾನ ಮಾಡುವ ಹಿರಿಯರು ನಮ್ಮಲ್ಲೂ ಇದ್ದಾರೆ. ಆದರೆ ಇದೇ ಬಗೆಯ ಪ್ರದರ್ಶನ ನಡೆಸುತ್ತಿದ್ದ ಅಮೆರಿಕದ ಕಂಪನಿಯೊಂದು, ಚೀನಾದಿಂದ ತಂದ ದೇಹಗಳು ಮರಣದಂಡನೆಗೊಳಗಾದ ಕೈದಿಗಳದಲ್ಲವೆಂದು ತಾನು ಖಚಿತಪಡಿಸಲಾರೆನೆಂದು 2008ರಲ್ಲಿ ನ್ಯೂಯಾರ್ಕಿನಲ್ಲಿ ಒಪ್ಪಿಕೊಳ್ಳಬೇಕಾಯಿತು. ಅಂಥಲ್ಲಿ ಟಿಕೆಟು ಕೊಂಡವನೂ ಅನ್ಯಾಯದ ಪಾಲುದಾರನಾದಾನು.

ಇಚ್ಛೆ ಸ್ಪಷ್ಟವಾಗಿ ತಿಳಿದಿದ್ದೂ ಮೀರಿದ ಉದಾಹರಣೆ ಲಂಡನ್ನಿನಲ್ಲಿದೆ. ಏಳೂವರೆ ಅಡಿಗೂ ಮಿಕ್ಕ ಎತ್ತರದ ಐರಿಷ್ ಯುವಕ ಚಾರ್ಲ್ಸ್ ಬರ್ನ್, ತನ್ನ ಶವಕ್ಕಾಗಿ ವೈದ್ಯರು ಕಾದಿದ್ದಾರೆಂದು ಅರಿತು, ಕಡಲಲ್ಲಿ ಮುಳುಗಿಸಿರೆಂದು ಗೆಳೆಯರನ್ನು ಬೇಡಿಕೊಂಡಿದ್ದ. 1783ರಲ್ಲಿ ಆತ ಸತ್ತಾಗ ಶಸ್ತ್ರವೈದ್ಯ ಜಾನ್ ಹಂಟರ್ ಗುಟ್ಟಾಗಿ ಶವವನ್ನು ಪಡೆದ. ಆ ಅಸ್ಥಿಪಂಜರದಿಂದ ವೈದ್ಯಶಾಸ್ತ್ರ ಕಲಿತದ್ದುಂಟು, ನಿಜ. 2023ರಲ್ಲಿ ಹಂಟೇರಿಯನ್ ಸಂಗ್ರಹಾಲಯ ಅದನ್ನು ಪ್ರದರ್ಶನದಿಂದ ತೆಗೆಯಿತು. ಆದರೂ ಸಂಶೋಧನೆಗೆಂದು ಇರಿಸಿಕೊಂಡಿತು.

ದೂರದ ಮಾತೇಕೆ? ನಮ್ಮ ಹೈದರಾಬಾದಿನ ಪಬ್ಲಿಕ್ ಗಾರ್ಡನ್ಸಿನ ವಸ್ತುಸಂಗ್ರಹಾಲಯದಲ್ಲಿ, ನಿಜಾಮರ ಕಾಲದಲ್ಲಿ ಬಂದ ಈಜಿಪ್ಟಿನ ಮಮ್ಮಿಯೊಂದಿದೆ. ಊರಿನಿಂದ ಬಂದ ನೆಂಟರಿಗೆ ಚಾರ್‌ಮಿನಾರ್ ತೋರಿಸಿದ ಮೇಲೆ ಅಲ್ಲಿಗೂ ಕರೆದೊಯ್ಯುವುದುಂಟು. ಅದರ ಮುಂದೆ ಹುಡುಗರು ನಗುವುದನ್ನೂ, ವೃದ್ಧೆಯೊಬ್ಬರು ಕೈಮುಗಿದು ನಿಂತದ್ದನ್ನೂ ನಾನು ಕಂಡಿದ್ದೇನೆ. ಪರಲೋಕದ ಬಾಳಿಗೆಂದು ಬಟ್ಟೆ ಸುತ್ತಿ ಗೋರಿಯಲ್ಲಿಟ್ಟ ದೇಹವದು. ನಮ್ಮ ಕಣ್ಣಿಗೆ ಬೀಳಲೆಂದು ಯಾರೂ ಅದನ್ನು ಸಿದ್ಧಪಡಿಸಿರಲಿಲ್ಲ.

ಹೊಟ್ಟೆಪಾಡಿಗೆ ಊರು ಬಿಟ್ಟು ಬಂದ ನಮಗೆ ಇದು ಅರ್ಥವಾಗದ ಸಂಗತಿಯಲ್ಲ. ಬೂದಿಯನ್ನಾದರೂ ತುಂಗಭದ್ರೆಗೆ ಬಿಡಿ, ಊರ ಹೊಲದಲ್ಲೇ ಮಣ್ಣು ಮಾಡಿ ಎಂದು ಹೇಳಿ ಕಣ್ಣುಮುಚ್ಚಿದ ಹಿರಿಯರು ನಮ್ಮ ಮನೆಮನೆಯಲ್ಲೂ ಇದ್ದಾರೆ; ಮಕ್ಕಳು ಸಾಲ ಮಾಡಿಯಾದರೂ ಆ ಮಾತು ನಡೆಸಿದ್ದಾರೆ. ಪ್ಯಾರಿಸಿನಲ್ಲಿ 1815ರಲ್ಲಿ ಸತ್ತು, ಮುಂದೆ ಸಂಗ್ರಹಾಲಯದ ವಸ್ತುವಾದ ಸಾರಾ ಬಾರ್ಟ್‌ಮನ್‌ಳ ಅವಶೇಷಗಳನ್ನು ದಕ್ಷಿಣ ಆಫ್ರಿಕ 2002ರಲ್ಲಿ ಮರಳಿ ಪಡೆದು ಮಣ್ಣು ಮಾಡಿತು. ಹಿಂದಿರುಗಿಸುವುದು ಅಸಾಧ್ಯವಲ್ಲವೆಂಬುದಕ್ಕೆ ಇದು ಸಾಕ್ಷಿ.

ಒಪ್ಪಿ ಕೊಟ್ಟವರ ದೇಹದಿಂದ ಕಲಿಯೋಣ. ಒಲ್ಲೆನೆಂದವರದನ್ನು ಅವರ ಇಚ್ಛೆಯಂತೆ ಬೀಳ್ಕೊಡೋಣ. ಇಚ್ಛೆ ತಿಳಿಯಲಾಗದ ಪ್ರಾಚೀನರ ಬಳಿ, ಅವರು ಇಲ್ಲಿಗೆ ಬಂದ ಬಗೆಯನ್ನು ಮರೆಮಾಚದೆ ಬರೆದಿಡಬೇಕು. ತವರಿನವರು ಕೇಳಿದ ದಿನ ಒಪ್ಪಿಸಲು ಸಿದ್ಧರಿರಬೇಕು.